ಏಳನೇ ಯಂತ್ರದ ಹಸಿರು ಪೊಟ್ಟಣ

ಹೂಕೌ, ನವೆಂಬರ್ 20

ಆ-ಲಿನ್,

ನಿನ್ನ ಪತ್ರಗಳನ್ನೆಲ್ಲ ವಾಪಸ್ ಕೇಳಿದ್ದೀಯ. ಕಳಿಸಿದ್ದೇನೆ. ನಾನು ಬರೆದವುಗಳ ನಕಲುಗಳೂ ಜೊತೆಗಿವೆ. ನಕಲಿಟ್ಟುಕೊಳ್ಳದೆ ನಾನು ಯಾರಿಗೂ ಒಂದು ಸಾಲು ಬರೆಯುವವಳಲ್ಲ. ತಾರೀಖಿನ ಪ್ರಕಾರ ಜೋಡಿಸಿದ್ದೇನೆ.

ದಾರ ಕಟ್ಟುವ ಮುಂಚೆ, ಎರಡು ಕಂಪನಿಗಳ ಈ ಸ್ನೇಹಕ್ಕೆ ನಮ್ಮ ಮನೆಯಿಂದ ಏನೇನು ಹೋಯಿತು ಎಂದು ಕೂತು ಕೂಡಿಸಿದೆ. ಅಂಚೆಯಲ್ಲಿ ಕಳಿಸಿದ ನಾಲ್ಕು ಪಾರ್ಸಲ್. ಅದರಲ್ಲಿ ಒಂದು ಚಾಕು ಹಾಕಿಸಿಕೊಂಡು ತಲುಪಿತು. ಭದ್ರತಾ ವಿಭಾಗದ ತ್ಸೆಂಗ್‌ಗೆ ಕುಡಿಸಿದ ಒಳ್ಳೆಯ ಚಹಾ ಒಂದು ಡಬ್ಬಿ, ಅದೂ ಎತ್ತರದ ಬೆಟ್ಟದ್ದು. ಗೇಟಿನೊಳಗೆ ನನ್ನ ಲಾರಿ ಬಿಡದೆ ನಿಲ್ಲಿಸಿದ ದಿನಗಳ ಕೂಲಿ. ನಿನ್ನ ಮೈಮೇಲಿಂದ ಇಳಿದ ಆರು ಕೆಜಿ. ಶರತ್ಕಾಲದ ಹುಣ್ಣಿಮೆಯ ಊಟ, ನೀನಿಲ್ಲದೆ. ನನ್ನ ನಿದ್ದೆ, ಅದಕ್ಕೆ ಪೇಟೆಯಲ್ಲಿ ದರವಿಲ್ಲ.

ಇಷ್ಟೇ. ಬೇರೆ ಬಾಬ್ತು ನೆನಪಿಗೆ ಬರುತ್ತಿಲ್ಲ.

ನಿನ್ನ ಅಕ್ಕ,
ಯೂಫಾಂಗ್

*

ಹೂಕೌ, ಮಾರ್ಚ್ 9

ಆ-ಲಿನ್,

ನೀನು ವಿಮಾನ ಹತ್ತಿ ವಾರವಾಯಿತು. ಫೋನ್ ಬೇಡ, ಮೆಸೇಜ್ ಬೇಡ, ಎರಡೂ ಕಂಪನಿಯವರು ಇಣುಕುತ್ತಾರೆ ಎಂದವನು ನೀನೇ. ಆದ್ದರಿಂದ ಕಾಗದ.

ನಿನ್ನ ಫೆಂಗ್‌ಗು ಕಂಪನಿಯವರೂ ಆ ಜಪಾನಿನ ಅಸಾಗಿರಿ ಕಂಪನಿಯವರೂ ಕೈಕುಲುಕಿದ್ದನ್ನು ಟಿವಿಯಲ್ಲಿ ನೋಡಿದೆ. ಅತಿ ಸಣ್ಣ ಗೆರೆಯ ಚಿಪ್ ಮಾಡುವ ವಿದ್ಯೆ ನಾವು ಕೊಡುವುದಂತೆ, ರಾಸಾಯನಿಕಗಳ ವಿದ್ಯೆ ಅವರು ಕೊಡುವುದಂತೆ. ನಾನು ಚಿಪ್ ಫ್ಯಾಕ್ಟರಿಗಳ ಸೈನ್ಸ್ ಪಾರ್ಕಿನ ಗೇಟಿನಲ್ಲಿ ಊಟದ ಡಬ್ಬಿ ಮಾರಿ ಮೇಲೆ ಬಂದವಳು. ಎದುರುಬದುರಿನ ಎರಡು ನೂಡಲ್ ಅಂಗಡಿಯವರು ಸಾರಿನ ಗುಟ್ಟು ಹಂಚಿಕೊಳ್ಳುತ್ತೇವೆ ಅಂದರೆ ಅದರ ಅರ್ಥ ಒಂದೇ: ಇಬ್ಬರೂ ಒಂದೊಂದು ಹಿಡಿ ಮಸಾಲೆ ಬಚ್ಚಿಟ್ಟಿದ್ದಾರೆ. ನಿನ್ನನ್ನು ಕಳಿಸಿರುವುದು ಕಲಿಸುವುದಕ್ಕೋ, ಕಲಿಸಿದ ಹಾಗೆ ಮಾಡುವುದಕ್ಕೋ? ಅದನ್ನು ಯಾರ ಕೈಯಲ್ಲಾದರೂ ಬರೆಸಿಕೊಂಡೆಯಾ?

ಅಲ್ಲಿಯ ಮುಖ್ಯ ಎಂಜಿನಿಯರ್ ಕುರೋಗಿ ನಿನಗೆ ಸ್ಟೇಷನ್ನಿಗೇ ಬಂದು ಕೊಡೆ ಹಿಡಿದನಂತೆ, ನಿಮ್ಮ ಫ್ಯಾಕ್ಟರಿಯ ಗೇಟಿನಲ್ಲಿ ಹೇಳುತ್ತಿದ್ದರು. ಅರವತ್ತರ ಹತ್ತಿರದ ಗಂಡಸು ಮೂವತ್ತೆಂಟರವನಿಗೆ ಕೊಡೆ ಹಿಡಿಯುತ್ತಾನೆ ಅಂದರೆ ನಾನಾಗಿದ್ದರೆ ಜೇಬು ಮುಟ್ಟಿ ನೋಡಿಕೊಳ್ಳುತ್ತಿದ್ದೆ.

ಪಾರ್ಸಲ್‌ನಲ್ಲಿ ಹಸಿರು ಪೊಟ್ಟಣಗಳಿವೆ, ನಮ್ಮ 'ಜಾಣನಾಗಿರು' ಕುರುಕಲು, ತೆಂಗಿನ ರುಚಿಯದು. ಹೆಸರಿನ ಹಾಗೆ ಯಂತ್ರವೂ ಜಾಣನಾಗಿರಲಿ ಎಂದು ಒಂದೊಂದರ ಮೇಲೆ ಒಂದೊಂದು ಇಡು. ಬಿಚ್ಚಬೇಡ, ತಿನ್ನಬೇಡ, ತಾರೀಖು ಮೀರಿದ್ದನ್ನು ಇಡಬೇಡ. ಅಲ್ಲಿಯ ಅಂಗಡಿಯಲ್ಲಿ ಹಳದಿಯದು ಸಿಕ್ಕಿತು ಅಂತ ಅದನ್ನಿಟ್ಟೀಯ ಮತ್ತೆ. ಯಂತ್ರದ ಹಸಿರು ದೀಪ ಹಳದಿಗೆ ತಿರುಗಿದರೆ ಏನಾಗುತ್ತದೆಂದು ನಿನಗೆ ನಾನು ಹೇಳಬೇಕಿಲ್ಲ. ನಿಮ್ಮ ಫ್ಯಾಕ್ಟರಿಯ ಏಳನೇ ಚಿಪ್ ಕೊರೆಯುವ ಯಂತ್ರಕ್ಕೆ ಮೊದಲ ಪೊಟ್ಟಣ ಇಟ್ಟವಳು ನಾನೇ, ಅದರ ಬಿಡಿಭಾಗ ತೊಳೆಯುವ ಗುತ್ತಿಗೆ ಸಿಕ್ಕ ವರ್ಷ. ಅಂದಿನಿಂದ ಅದು ಒಂದು ದಿನ ಮುನಿಸಿಕೊಂಡದ್ದುಂಟೆ?

ನಗುತ್ತಿದ್ದೀಯ, ಗೊತ್ತು.

ನಿನ್ನ ಅಕ್ಕ

*

ಕ್ಯೂಶು, ಮಾರ್ಚ್ 28

ಅಕ್ಕಾ,

ಪಾರ್ಸಲ್ ಬಂತು. ನಕ್ಕೆ. ಪೊಟ್ಟಣಗಳನ್ನು ಮೇಜಿನ ಖಾನೆಯಲ್ಲಿಟ್ಟು ಬೀಗ ಹಾಕಿದ್ದೇನೆ. ಇವರ ಎದುರು ಯಂತ್ರಕ್ಕೆ ಕುರುಕಲು ಅರ್ಪಿಸಿದರೆ, ಜಗತ್ತಿನ ಅತಿ ಸೂಕ್ಷ್ಮ ವಿದ್ಯೆ ಕಲಿಸಲು ಬಂದವನ ಮುಖ ಎಲ್ಲಿಡಲಿ?

ಇಲ್ಲಿ ಕೆಲಸದ ರೀತಿ ಅಚ್ಚು ನಕಲು. ನಮ್ಮ ಏಳನೇ ಯಂತ್ರ ತಾಯಿ. ಇಲ್ಲಿರುವುದು ಅದರ ಪಡಿಯಚ್ಚು. ಕೊಳವೆಯ ಉದ್ದ, ತಿರುಪಿನ ಬಿಗಿ, ಗೋಡೆಯ ಬಣ್ಣ, ಎಲ್ಲ ಅದೇ. ನಮ್ಮಲ್ಲಿ ಒಂದು ಕಂಬ ಅಡ್ಡ ಬಂದದ್ದಕ್ಕೆ ನೀರಿನ ಕೊಳವೆ ಬಾಗಿಸಿದ್ದೆವು. ಇಲ್ಲಿ ಕಂಬವೇ ಇಲ್ಲ, ಆದರೂ ಬಾಗಿಸಿದ್ದಾರೆ. "ಇಲ್ಲಿ ನೇರ ಹಾಕಬಹುದಿತ್ತು" ಎಂದೆ. ಕುರೋಗಿ ತಲೆಬಾಗಿಸಿ, ನಮ್ಮ ಮನೆತನದ ಹೆಸರು ಹಿಡಿದು ಹೇಳಿದರು: "ಯಾವುದು ಬೇಕಾದದ್ದು, ಯಾವುದು ಬೇಡದ್ದು ಅನ್ನೋದು ನಮಗೆ ಇನ್ನೂ ತಿಳೀದು, ಫಾನ್‌ಜ್ಯಾಂಗ್ ಅವರೇ. ತಿಳಿಯೋವರೆಗೂ ನಿಮ್ಮ ತಪ್ಪುಗಳೂ ನಮಗೆ ಬೇಕು."

ಯಂತ್ರದ ಕೆಳಗಿನ ಅಂತಸ್ತಿನ ದಾಖಲೆಯನ್ನೆಲ್ಲ ಬರೆದವನು ನಾನು. ಒಂದು ಮೊಳೆಯನ್ನೂ ಬಿಟ್ಟಿಲ್ಲ.

ನಿನಗೆ ಮಾತ್ರ ಹೇಳುತ್ತೇನೆ. ಇಂಥವರಿಗೆ ಕಲಿಸುವುದೇ ಒಂದು ಸುಖ. ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟುಬಿಡೋಣ ಅನ್ನಿಸುತ್ತದೆ.

ನಿನ್ನ,
ಕ್ವಾಂಗ್‌ಲಿನ್

*

ಹೂಕೌ, ಮೇ 17

ಆ-ಲಿನ್,

ಉತ್ತರ ಬರೆಯಲು ತಡವಾಯಿತು. ಮನೆಗೆ ನೆಂಟರು ಬಂದಿದ್ದರು, ನಿಮ್ಮ ಭದ್ರತಾ ವಿಭಾಗದ ತ್ಸೆಂಗ್. ನಮ್ಮ ಹಕ್ಕಾ ಕಡೆಯವನೇ. ಬರುತ್ತಲೇ ನಮ್ಮ ಮಾತಿನಲ್ಲೇ ಶುರುಮಾಡಿದ. ಸರ್ಕಾರಿ ಮಾತು ಬಿಟ್ಟು ಮನೆಮಾತಿಗೆ ಇಳಿಯುವ ಅಧಿಕಾರಿಯನ್ನು ನಾನು ಎಂದೂ ನಂಬಿದವಳಲ್ಲ.

"ಅಕ್ಕೋರೆ, ತಮ್ಮನಿಗೆ ಆ ಪೊಟ್ಟಣದೊಳಗೆ ಏನು ಕಳಿಸ್ತೀರಿ?" ಅಂದ.

"ಜೋಳದ ಕುರುಕಲು ಕಣಪ್ಪಾ."

"ಪೆಟ್ಟಿಗೆಗಟ್ಟಲೆ? ಮೀಸೆ ಬಂದ ಗಂಡಸಿಗೆ?"

"ನಿನ್ನ ಆಫೀಸಿನ ಕಂಪ್ಯೂಟರ್ ಮೇಲೂ ಒಂದು ಕೂತಿದೆಯಲ್ಲ, ಅದರೊಳಗೇನಿದೆ ಮೊದಲು ಹೇಳು."

ನಕ್ಕ, ಹಲ್ಲಿನಲ್ಲಿ ಮಾತ್ರ. ನಿನ್ನ ಬಗ್ಗೆ ಕೇಳಿದ. ಅಲ್ಲಿ ಒಳ್ಳೆಯ ಚಿಪ್‌ಗಳ ಇಳುವರಿ ಏಳುತ್ತಿಲ್ಲವಂತೆ. ಅಸಾಗಿರಿಯವರು ಬೇಕೆಂದೇ ಕೆಟ್ಟ ಅಂಕಿ ತೋರಿಸಿ, ಒಪ್ಪಂದದಲ್ಲಿಲ್ಲದ ಗುಟ್ಟನ್ನೂ ನಿನ್ನ ಬಾಯಿಂದ ಹೊರಡಿಸುತ್ತಿದ್ದಾರೆಂದು ಮೇಲಿನವರ ಗುಮಾನಿ. ನೀನು ಎಷ್ಟು ಬಾಯಿ ಬಿಟ್ಟಿದ್ದೀಯ ಎಂಬುದೇ ಅವರ ಪ್ರಶ್ನೆ. ದೇಶದ ಗುಟ್ಟು ಹೊರಗೆ ಕೊಟ್ಟವರಿಗೆ ಕಾನೂನಿದೆಯಂತೆ, ಅದರಲ್ಲಿ ಜೈಲೂ ಇದೆಯಂತೆ.

ಹೋಗುವಾಗ ಹೊಸ್ತಿಲಲ್ಲಿ ನಿಂತು, ಮಳೆ ಬರಬಹುದೇ ಎಂದು ಕೇಳುವ ಹಾಗೆ ಕೇಳಿದ: "ನಿಮ್ಮ ತೊಳೆಯೋ ಗುತ್ತಿಗೆ ಜುಲೈಗೆ ಮುಗೀತದೆ, ಅಲ್ವಾ?"

ನಾನು ಅವನನ್ನು ಮತ್ತೆ ಒಳಗೆ ಕರೆದು ಇನ್ನೊಂದು ಲೋಟ ಚಹಾ ಬಗ್ಗಿಸಿದೆ.

ಕುರೋಗಿಯನ್ನು ನಂಬಬೇಡ. ಇಲ್ಲಿಯವರನ್ನೂ ನಂಬಬೇಡ. ಪೊಟ್ಟಣ ಇಟ್ಟೆಯಾ?

ನಿನ್ನ ಅಕ್ಕ

*

ಕ್ಯೂಶು, ಜೂನ್ 30

ಅಕ್ಕಾ,

ತ್ಸೆಂಗ್ ನಿನ್ನಲ್ಲಿ ಕೇಳಿದ್ದು ಅರ್ಧ. ಉಳಿದರ್ಧ ಇಲ್ಲಿದೆ. ನಾನು ಬಾಯಿ ಬಿಟ್ಟಿದ್ದೇನೆಂದು ಅವರಿಗೆ ಗುಮಾನಿ, ಬಾಯಿ ಕಟ್ಟಿಕೊಂಡಿದ್ದೇನೆಂದು ಇವರಿಗೆ.

ಸಿಲಿಕಾನ್ ಬಿಲ್ಲೆಯ ನಡುವೆ ಇರುವ ಚಿಪ್‌ಗಳೆಲ್ಲ ಚೆನ್ನಾಗಿವೆ, ಅಂಚಿನವು ಸಾಯುತ್ತಿವೆ. ಉಂಗುರ ಕಟ್ಟಿದ ಹಾಗೆ, ಪ್ರತಿ ಬಿಲ್ಲೆಯಲ್ಲೂ. ನಮ್ಮಲ್ಲಿ ಹೀಗೆ ಒಂದು ದಿನವೂ ಆಗಿರಲಿಲ್ಲ. ದಾಖಲೆಯನ್ನು ಹಾಳೆ ಹಾಳೆಯಾಗಿ ಯಂತ್ರದ ಪಕ್ಕ ಹಿಡಿದು ನೋಡಿದೆವು. ಎಲ್ಲ ಸರಿಯಿದೆ.

ಸಭೆಯಲ್ಲಿ ಯಾರೂ ನನ್ನನ್ನು ಬೈಯುವುದಿಲ್ಲ. ಬೈದಿದ್ದರೆ ವಾಸಿಯಿತ್ತು. ನಿನ್ನೆ ಎಲ್ಲರೂ ಎದ್ದುಹೋದ ಮೇಲೆ ಕುರೋಗಿ ಪಕ್ಕದಲ್ಲಿ ಕೂತು, ಕಲ್ಲಂಗಡಿಯ ಹೋಳು ನನ್ನ ಕಡೆ ಸರಿಸಿ ಕೇಳಿದರು: "ಏನಾದ್ರೂ ಬಿಟ್ಟುಹೋಗಿದ್ಯಾ?"

"ಇಲ್ಲ."

"ಬಿಡಬೇಕು ಅಂತ ಯಾರಾದ್ರೂ ಹೇಳಿದ್ರಾ?"

"ಇಲ್ಲ ಸರ್."

"ಹಾಗಾದ್ರೆ ತಿನ್ನಿ, ಹಣ್ಣು ಬಿಸಿಯಾಗ್ತದೆ." ಅವರು ನಂಬಲಿಲ್ಲ. ಹೋಳನ್ನು ಹಾಗೇ ಬಿಟ್ಟು ಎದ್ದೆ.

ನಿನ್ನ ಎರಡನೇ ಪಾರ್ಸಲ್ ಬಂತು. ಪೆಟ್ಟಿಗೆಯನ್ನು ಕುಯ್ದು ಮತ್ತೆ ಅಂಟಿಸಿದ್ದಾರೆ. ಒಂದೊಂದು ಪೊಟ್ಟಣವನ್ನೂ ಸೀಳಿ ನೋಡಿದ್ದಾರೆ. ಕುಯ್ದವರು ಯಾರ ಕಡೆಯವರೋ ತಿಳಿಯದು. ಕುರುಕಲು ಮೆತ್ತಗಾಗಿತ್ತು.

ಕ್ವಾಂಗ್‌ಲಿನ್

*

ಹೂಕೌ, ಆಗಸ್ಟ್ 22

ಆ-ಲಿನ್,

ಗುತ್ತಿಗೆ ಮೂರು ವರ್ಷಕ್ಕೆ ಮುಂದುವರಿಯಿತು. ಒಳ್ಳೆಯ ಕೆಲಸಕ್ಕೆ ಒಳ್ಳೆಯ ಬೆಲೆ.

ಇಲ್ಲಿಯ ಸಮಾಚಾರ ಕೇಳು. ಈ ತಿಂಗಳು ಅಸಾಗಿರಿಯ ದೊಡ್ಡವರು ತಾಯಿ ಯಂತ್ರವನ್ನು ಕಣ್ಣಾರೆ ನೋಡುತ್ತೇವೆಂದು ಬಂದಿದ್ದರು. ಅವರು ಬರುವ ಮುಂಚೆ ತ್ಸೆಂಗ್ ಹುಕುಂ ಹೊರಡಿಸಿದ: ಫ್ಯಾಕ್ಟರಿಯಲ್ಲಿ ಒಂದೂ ಹಸಿರು ಪೊಟ್ಟಣ ಕಾಣಕೂಡದು. ಒಂದು, ಅದರೊಳಗೆ ಏನಾದರೂ ಬಚ್ಚಿಡಬಹುದು. ಎರಡು, ಪರದೇಶದವರ ಕಣ್ಣಿಗೆ ಬಿದ್ದರೆ ನಗೆಪಾಟಲು. ಕೈಗಾಡಿಗಳಲ್ಲಿ ತುಂಬಿ ತುಂಬಿ ಹೊರಗೆ ಹಾಕಿದರು. ತನ್ನ ಕಂಪ್ಯೂಟರ್ ಮೇಲಿನದನ್ನು ಮಾತ್ರ ತೆಗೆದನೋ ಇಲ್ಲವೋ, ಯಾರೂ ನೋಡಲಿಲ್ಲ.

ತಮಾಷೆ ಏನೆಂದರೆ ಇದು ದೆವ್ವಗಳಿಗೆ ಎಡೆಯಿಡುವ ತಿಂಗಳು. ಪೂಜೆ ಬಿಡಲಾಗದಲ್ಲ! ಗೇಟಿನ ಹೊರಗೆ ಮೇಜು ಹಾಕಿ, ಹಣ್ಣು, ಬಿಸ್ಕತ್ತು, ತಂಪು ಪಾನೀಯ ಜೋಡಿಸಿ, ನಿಮ್ಮ ಎಂಜಿನಿಯರ್‌ಗಳೆಲ್ಲ ಊದುಬತ್ತಿ ಹಿಡಿದು ಸಾಲಾಗಿ ನಿಂತರು. ಅಲೆಯುವ ದೆವ್ವಕ್ಕೆ ಕುರುಕಲು ಉಂಟು, ದುಡಿಯುವ ಯಂತ್ರಕ್ಕಿಲ್ಲ. ಜಪಾನಿನವರು ಗೌರವದಿಂದ ಕೈಮುಗಿದರು. ನಗಲಿಲ್ಲ.

ಅವರು ಬಂದುಹೋದ ಮೇಲೆ ಏಳನೇ ಯಂತ್ರ ಕೆಟ್ಟಿದೆ. ಬಿಲ್ಲೆಯ ಅಂಚು ಸಾಯುತ್ತಿದೆ ಎಂದು ನನ್ನ ತೊಳೆಯುವ ಹುಡುಗಿಯರೇ ಕೇಳಿಕೊಂಡು ಬಂದರು. ಅತಿಥಿಗಳು ಏನೋ ಮುಟ್ಟಿದ್ದಾರೆ, ಬೇಕೆಂದೇ ಕೆಡಿಸಿದ್ದಾರೆ ಎಂದು ಗೇಟಿನಿಂದ ಕ್ಯಾಂಟೀನಿನವರೆಗೂ ಒಂದೇ ಮಾತು. ಕುರೋಗಿಯೂ ಬಂದಿದ್ದನಲ್ಲ? ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಡೆಯುತ್ತಿದ್ದ. ಬೆನ್ನ ಹಿಂದಿನ ಕೈ ಏನು ಮಾಡುತ್ತದೆಂದು ಯಾರಿಗೆ ಕಾಣುತ್ತದೆ?

ಅಕ್ಕ

*

ಕ್ಯೂಶು, ಸೆಪ್ಟೆಂಬರ್ 1

ಅಕ್ಕಾ,

ನಿನ್ನೆ ತ್ಸೆಂಗ್ ಮತ್ತು ಕಂಪನಿಯ ವಕೀಲರು ಪರದೆಯ ಮೇಲೆ ನನ್ನ ವಿಚಾರಣೆ ಮಾಡಿದರು. ಅತಿಥಿಗಳಿಗೆ ತಾಯಿ ಯಂತ್ರದ ದುರ್ಬಲ ಜಾಗ ತೋರಿಸಿಕೊಟ್ಟವನು ನಾನಂತೆ. ತಿಂಗಳ ಕೊನೆಯೊಳಗೆ ಒಳ್ಳೆಯ ಉತ್ತರ ಕೊಡದಿದ್ದರೆ ಫೈಲು ಪ್ರಾಸಿಕ್ಯೂಟರ್‌ಗೆ ಹೋಗುತ್ತದೆ.

ಕೊನೆಗೆ ತ್ಸೆಂಗ್ ಒಂದು ಸಾಲು ಓದಿದ: "ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟುಬಿಡೋಣ ಅನ್ನಿಸುತ್ತದೆ."

ಅದನ್ನು ನಾನು ಒಬ್ಬರಿಗೇ ಬರೆದಿದ್ದೆ.

ಕ್ವಾಂಗ್‌ಲಿನ್

*

ಹೂಕೌ, ಸೆಪ್ಟೆಂಬರ್ 12

ಆ-ಲಿನ್,

ಗಾಳಿ ಎದ್ದಿದೆ. ಹ್ಸಿನ್‌ಪುವಿನಲ್ಲಿ ಪರ್ಸಿಮನ್ ಹಣ್ಣು ಒಣಹಾಕಲು ಶುರುಮಾಡಿದ್ದಾರೆ. ಮೊದಲ ತಟ್ಟೆಯದೇ ನಿನಗೆ ಕಳಿಸಿದ್ದೇನೆ. ಡಬ್ಬಿಯ ತಳದಲ್ಲಿ ಮೂರು ಪೊಟ್ಟಣಗಳಿವೆ, ಹೊಸ ತಾರೀಖಿನವು.

ಈಗ ನಗದೆ ಓದು. ಎಲ್ಲರೂ ಅತಿಥಿಗಳ ಬೆರಳು ನೋಡುತ್ತಿದ್ದಾರೆ. ನಾನು ನನ್ನ ಲಾರಿಯ ಓಡಾಟದ ಪುಸ್ತಕ ನೋಡಿದೆ. ಕೆಟ್ಟ ಯಂತ್ರದ ಬಿಡಿಭಾಗಗಳು ಹೆಚ್ಚು ಸಲ ತೊಳೆಯಲು ಬರುತ್ತವೆ, ಅಷ್ಟು ಸುಲಭದ ಲೆಕ್ಕ. ಅವು ಹೆಚ್ಚಾದದ್ದು ಅತಿಥಿಗಳು ಬಂದ ಮೇಲಲ್ಲ, ಬರುವುದಕ್ಕೆ ನಾಲ್ಕು ದಿನ ಮುಂಚೆ. ಪೊಟ್ಟಣ ತೆಗೆದ ದಿನದಿಂದ.

ಏಳನೆಯದಕ್ಕೆ ಇದ್ದದ್ದು ಮೂರು. ಯಂತ್ರದ ಮೇಲಲ್ಲ, ಕೆಳಗಿನ ಅಂತಸ್ತಿನಲ್ಲಿ, ಅದಕ್ಕೆ ತಣ್ಣೀರು ಕಳಿಸುವ ಪೆಟ್ಟಿಗೆಯ ನೆತ್ತಿಯ ಮೇಲೆ. ನೆಟ್ಟಗೆ ನಿಲ್ಲಿಸಿದರೆ ಜಾರುತ್ತಿತ್ತೆಂದು ನಾನೇ ಮೊದಲ ವರ್ಷ ಅಡ್ಡಡ್ಡ ಮಲಗಿಸಿದ್ದೆ. ಆಮೇಲೆ ಬದಲಾಯಿಸಿದವರೆಲ್ಲ ಹಾಗೆಯೇ ಮಲಗಿಸಿದರು. ಅಲ್ಲಿಯೂ ಇಲ್ಲಿಯೂ ಒಂದೇ ರೋಗ. ಇಲ್ಲಿ ಪೊಟ್ಟಣ ತೆಗೆದರು, ಅಲ್ಲಿ ನೀನು ಇಡಲೇ ಇಲ್ಲ.

ಯಂತ್ರ ಮುನಿಸಿಕೊಂಡಿದೆ ಎಂದು ನಾನು ಹೇಳುತ್ತೇನೆ. ನೀನು ಓದಿದವನು, ಬೇರೆ ಮಾತಿನಲ್ಲಿ ಹೇಳಿಕೋ. ಮೊದಲು ಇಡು.

ನಿನ್ನ ಕೊನೆಯ ಪತ್ರ ಬಂತು.

ಅಕ್ಕ

*

ಕ್ಯೂಶು, ಅಕ್ಟೋಬರ್ 10

ಅಕ್ಕಾ,

ಇಟ್ಟೆ. ಊಟದ ಹೊತ್ತಿನಲ್ಲಿ ಯಾರೂ ಇಲ್ಲದಾಗ, ಕಳ್ಳನ ಹಾಗೆ ಕೆಳಗಿಳಿದು, ಮೂರನ್ನೂ ಅಡ್ಡಡ್ಡ ಮಲಗಿಸಿದೆ. ಸಂಜೆಯ ಬಿಲ್ಲೆಗಳಲ್ಲಿ ಉಂಗುರ ತೆಳ್ಳಗಾಯಿತು. ಮರುದಿನ ಇರಲಿಲ್ಲ. ತೆಗೆದೆ, ಬಂತು. ಮತ್ತೆ ಇಟ್ಟೆ, ಹೋಯಿತು.

ಪೆಟ್ಟಿಗೆಯ ನೆತ್ತಿಯಲ್ಲಿ ಗಾಳಿ ಹೋಗುವ ಸೀಳುಗಳಿವೆ. ಪೊಟ್ಟಣಗಳು ಅವನ್ನು ಮುಚ್ಚುತ್ತಿದ್ದವು. ಒಳಗೆ ಶಾಖ ನಿಂತು, ನೀರಿನ ತಂಪು ಅಳೆಯುವ ಸಾಧನ ಒಂದಿಷ್ಟು ಸುಳ್ಳು ಹೇಳುತ್ತಿತ್ತು. ಆ ಸುಳ್ಳು ವರ್ಷಗಟ್ಟಲೆ ಒಂದೇ ಸಮನಾಗಿತ್ತು. ಮೇಲಿನ ಅಂತಸ್ತಿನ ಎಂಜಿನಿಯರ್‌ಗಳು ಅದಕ್ಕೆ ತಕ್ಕಂತೆ ಎಲ್ಲ ಅಳತೆ ಹೊಂದಿಸಿಕೊಂಡಿದ್ದರು. ಇಲ್ಲಿ ಸಾಧನ ನಿಜ ಹೇಳಿತು, ಚಿಪ್‌ಗಳು ಸತ್ತವು.

ದಾಖಲೆ ಬರೆಯುವಾಗ ಆ ಪೊಟ್ಟಣಗಳನ್ನು ನಾನು ನೋಡಿದ್ದೆ, ಅಕ್ಕಾ. ಮರೆತದ್ದಲ್ಲ. ಪರದೇಶದವರು ಓದುವ ಕಾಗದದಲ್ಲಿ 'ಮೂರು ಪೊಟ್ಟಣ ಕುರುಕಲು' ಎಂದು ಬರೆಯಲು ನಾಚಿಕೆಯಾಯಿತು. ಫೋಟೋ ತೆಗೆಯುವಾಗ ಅವನ್ನು ನಾನೇ ಕೈಯಾರೆ ಪಕ್ಕಕ್ಕೆ ಸರಿಸಿದ್ದೆ.

ಕುರೋಗಿಯನ್ನು ಕರೆದುಕೊಂಡು ಹೋಗಿ ತೋರಿಸಿದೆ. ನಗುತ್ತಾರೆಂದು ಕಾದೆ. ಅವರು ಜೇಬಿನಿಂದ ಅಳತೆಪಟ್ಟಿ ತೆಗೆದು, ಅಂಚಿನಿಂದ ಪೊಟ್ಟಣಕ್ಕೆ ಎಷ್ಟು ದೂರವೆಂದು ಅಳೆದು ಬರೆದುಕೊಂಡರು.

"ಬಣ್ಣ ಮುಖ್ಯವಾ?"

"ಹಸಿರೇ ಆಗಬೇಕು ಅಂತಾರೆ."

"ತಾರೀಖು ಮುಗಿದ ಮೇಲೆ?"

"ಬದಲಾಯಿಸ್ಬೇಕು. ಪೊಟ್ಟಣ ಹರಿದಿದ್ರೂ ಆಗಲ್ಲ. ಸರ್, ಇದು ಬರೀ ಗಾಳಿಯ ವಿಷಯ, ಒಂದು ತಗಡು ಮುಚ್ಚಿದರೂ ಸಾಕು."

"ಯಾವುದು ಬೇಡದ್ದು ಅಂತ ನಮಗೆ ಇನ್ನೂ ತಿಳೀದಲ್ಲ" ಅಂದರು. ಆಮೇಲೆ ಪೆಟ್ಟಿಗೆಗೆ ಒರಗಿ ನಿಂತು ಹೇಳಿದರು: "ನಾನು ಹೊಸ ಎಂಜಿನಿಯರ್ ಆಗಿದ್ದಾಗ ನಿಮ್ಮೂರಿಗೆ ಕಲಿಸೋಕೆ ಬಂದಿದ್ದೆ. ಮೇಲಿನವರು ಒಂದು ಅಳತೆ ಹೇಳಬೇಡ ಅಂದ್ರು, ಹೇಳದೆ ಬಂದೆ. ಅದಕ್ಕೇ ನಿಮ್ಮನ್ನ ನೋಡಿದಾಗೆಲ್ಲ ನನ್ನನ್ನೇ ನೋಡಿದ ಹಾಗಾಗ್ತಿತ್ತು."

ಫೆಂಗ್‌ಗುಗೂ ಬರೆದೆ. ವಿಚಾರಣೆ ಕೈಬಿಟ್ಟರು. ವರದಿಯಲ್ಲಿ 'ಗಾಳಿಯ ಹರಿವಿನ ವ್ಯತ್ಯಾಸ' ಎಂದು ಬರೆದಿದ್ದಾರೆ. ಪೊಟ್ಟಣದ ಮಾತು ಅದರಲ್ಲೂ ಇಲ್ಲ.

ಇನ್ನೊಂದು ವರ್ಷ ಇಲ್ಲೇ ಇರುತ್ತೇನೆಂದು ಬರೆದುಕೊಟ್ಟಿದ್ದೇನೆ. ಹೊಸವರ್ಷದ ಊಟಕ್ಕೆ ಬರುವುದಿಲ್ಲ. ನನ್ನ ಪತ್ರಗಳನ್ನು ವಾಪಸ್ ಕಳಿಸು.

ಕ್ವಾಂಗ್‌ಲಿನ್

*

ಕ್ಯೂಶು, ಡಿಸೆಂಬರ್ 5

ಅಕ್ಕಾ,

ಕಟ್ಟು ತಲುಪಿತು. ನಿನ್ನ ಖರ್ಚಿನ ಪಟ್ಟಿಯನ್ನೂ ಓದಿದೆ.

ಮಾರ್ಚ್ 28ರ ಪತ್ರದ ಮೂಲೆಯಲ್ಲಿ ಪಿನ್ನಿನ ಎರಡು ತೂತುಗಳಿವೆ. ನಾನು ಪಿನ್ ಹಾಕಿರಲಿಲ್ಲ.

ನಿನಗೆ ಬೇರೆ ಬಾಬ್ತು ನೆನಪಿಗೆ ಬರುತ್ತಿಲ್ಲ ಎಂದು ಬರೆದಿದ್ದೀಯ. ನಾನೂ ಒಂದು ಮೊಳೆಯನ್ನೂ ಬಿಟ್ಟಿಲ್ಲ ಎಂದು ಬರೆದಿದ್ದೆ.

ಕ್ವಾಂಗ್‌ಲಿನ್

*

ಹೂಕೌ, ಜನವರಿ 12

ಆ-ಲಿನ್,

ನಮ್ಮ ಚಾಂದ್ರಮಾನ ಹೊಸವರ್ಷದ ಹಿಂದಿನ ರಾತ್ರಿಯ ಊಟಕ್ಕೆ ತಟ್ಟೆ ಇಡಲೋ ಬೇಡವೋ, ಒಂದು ಸಾಲು ಬರೆ. ಬರದಿದ್ದರೂ ಇಡುತ್ತೇನೆ, ಆದರೆ ಬಾತುಕೋಳಿ ಅರ್ಧವೋ ಪೂರ್ತಿಯೋ ಎಂದು ಅಂಗಡಿಯವನಿಗೆ ಮೊದಲೇ ಹೇಳಬೇಕು.

ಹೋದ ಸಲದ ಪಟ್ಟಿ ಪೂರ್ತಿಯಿರಲಿಲ್ಲ. ಈಗ ಬಂದದ್ದರ ಪಟ್ಟಿ ಬರೆಯುತ್ತೇನೆ, ಯಾವುದನ್ನೂ ಪಕ್ಕಕ್ಕೆ ಸರಿಸದೆ.

ಫೆಂಗ್‌ಗುಗೆ: ತಾಯಿ ಯಂತ್ರ ವಾಪಸ್ ದಾರಿಗೆ ಬಂತು. ಮೂರು ಪೊಟ್ಟಣ ಮತ್ತೆ ಅದರ ನೆತ್ತಿಯ ಮೇಲಿವೆ, ಈ ಸಲ ಹುಕುಂ ಪ್ರಕಾರ.

ಅಸಾಗಿರಿಗೆ: ಕೇಳಿದ ವಿದ್ಯೆ ಪೂರ್ತಿ, ನಮ್ಮ ತಪ್ಪುಗಳ ಸಮೇತ.

ಕುರೋಗಿಗೆ: ಒಬ್ಬ ಮನುಷ್ಯನನ್ನು ನಂಬುವ ಅವಕಾಶ, ನಿವೃತ್ತಿಗೆ ಮುಂಚೆ. ಅವನ ಕೈಯ ಬಗ್ಗೆ ನಾನು ಬರೆದದ್ದನ್ನು ಹೊಡೆದುಹಾಕು.

ತ್ಸೆಂಗ್‌ಗೆ: ಬಡ್ತಿ.

ಕುರುಕಲು ಮಾಡುವವರಿಗೆ: ಕ್ಯೂಶುವಿನಲ್ಲಿ ಒಬ್ಬ ಕಾಯಂ ಗಿರಾಕಿ.

ನನಗೆ: ಮೂರು ವರ್ಷದ ಗುತ್ತಿಗೆ. ಅದಕ್ಕೆ ಪ್ರತಿಯಾಗಿ ತ್ಸೆಂಗ್‌ಗೆ ಕೊಟ್ಟದ್ದು, ಮಾರ್ಚ್ 28ರ ಪತ್ರ, ಅರ್ಧ ಗಂಟೆಯ ಮಟ್ಟಿಗೆ. ಅದರಲ್ಲಿ ಏನೂ ಇಲ್ಲವೆಂದು ಅವರೇ ನೋಡಿಕೊಳ್ಳಲಿ ಎಂದು ಕೊಟ್ಟೆ. ಅದು ನಿಜ. ನನ್ನಲ್ಲಿ ದುಡಿಯುವ ಹದಿನಾರು ಜನರ ಸಂಬಳವೂ ನಿಜ.

ನಿನಗೆ: ಹೆಸರು ಉಳಿಯಿತು. ಅಕ್ಕ ಒಬ್ಬಳು ಕಡಿಮೆಯಾದಳು.

ಯೂಫಾಂಗ್